ಸಕ್ಕರೆ ಹಿಡಿಯುವ ಸೂಕ್ಷ್ಮಾಣುಗಳು ಮತ್ತು ನಮ್ಮ ಕರುಗಳು

(ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಮತ್ತು ಜಗಳೂರು ತಾಲ್ಲೂಕುಗಳ ಹಾಲು ಉತ್ಪಾದಕ ಸದಸ್ಯರ ತರಬೇತಿ ಸಭೆಯಲ್ಲಿ ಮಾಡಿದ ಭಾಷಣದ ಪಠ್ಯ)



 ಬೆಳಗಿನ ಹಾಲು ಹಾಕಿ, ದನಗಳಿಗೆ ಮೇವು ನೀಡಿ, ಬಸ್ಸು ಹಿಡಿದು ತಾವು ಇಲ್ಲಿಗೆ ಬಂದಿದ್ದೀರಿ. ತಮ್ಮ ಸಮಯ ವ್ಯರ್ಥವಾಗಬಾರದು. ಆದ್ದರಿಂದ ಇಂದಿನ ವಿಷಯವನ್ನು ನೇರವಾಗಿ ಹೇಳುತ್ತೇನೆ. ಸಕ್ಕರೆಗೆ ಅಂಟಿಕೊಳ್ಳುವ ಪ್ರೋಟೀನನ್ನು ತಯಾರಿಸುವ ಸೂಕ್ಷ್ಮಾಣುಗಳು ಯಾವುವು, ಅವುಗಳನ್ನು ವಿಜ್ಞಾನಿಗಳು ಹೇಗೆ ಹುಡುಕುತ್ತಾರೆ, ಅದರಿಂದ ಹಾಲು ಉತ್ಪಾದಕರಾದ ನಮಗೆ ಆಗುವ ಪ್ರಯೋಜನವೇನು ಎಂಬುದೇ ವಿಷಯ. ಹೆಸರು ಕೇಳಿದರೆ ಕಾಲೇಜಿನ ಪಾಠದಂತೆ ತೋರಬಹುದು. ಆದರೆ ಇದು ತಮ್ಮ ಕೊಟ್ಟಿಗೆಯಲ್ಲಿ ಹುಟ್ಟುವ ಕರು ಉಳಿಯುವುದೋ ಸಾಯುವುದೋ ಎಂಬ ಪ್ರಶ್ನೆಗೆ ಸೇರಿದ ವಿಷಯ.

ಮೊದಲು ನಮ್ಮ ಮನೆಯ ಒಂದು ಸಂಗತಿ ಹೇಳುತ್ತೇನೆ. ನಾನು ಶಾಲೆಗೆ ಹೋಗುತ್ತಿದ್ದ ಕಾಲ. ನಮ್ಮ ತಂದೆಯವರು ಸಾಲ ಮಾಡಿ ಮಿಶ್ರತಳಿಯ ಹಸುವೊಂದನ್ನು ತಂದಿದ್ದರು. ಅದು ಒಂದು ಸಂಜೆ ಚೆಂದದ ಹೆಣ್ಣು ಕರು ಹಾಕಿತು. ಕಸ ಬೀಳುವ ತನಕ ಕರುವಿಗೆ ಹಾಲು ಬಿಡಬಾರದು ಎಂದು ಮನೆಯ ಹಿರಿಯರು ಹೇಳಿದರು. ಕಸ ಬಿದ್ದದ್ದು ಮರುದಿನ ಹೊತ್ತು ಏರಿದ ಮೇಲೆ. ಆಮೇಲೂ ಮೊದಲ ಗಿಣ್ಣು ಹಾಲೆಲ್ಲ ಒಲೆಯ ಮೇಲಕ್ಕೆ ಹೋಯಿತು. ಏಲಕ್ಕಿ ಬೆಲ್ಲ ಹಾಕಿದ ಗಿಣ್ಣನ್ನು ನಾನೂ ಎರಡು ಸಲ ಕೇಳಿ ತಿಂದೆ. ಮೂರನೆಯ ದಿನ ಕರು ನೀರಿನಂತೆ ಬೆಳ್ಳಗೆ ಭೇದಿ ಮಾಡಿತು. ಕಣ್ಣು ಗುಳಿ ಬಿದ್ದವು, ಕಿವಿ ತಣ್ಣಗಾದವು. ನಾಲ್ಕನೆಯ ದಿನ ಬೆಳಗ್ಗೆ ಅದು ಏಳಲಿಲ್ಲ. ದೃಷ್ಟಿ ತಾಗಿತು ಎಂದರು. ಆ ಕರು ಏಕೆ ಸತ್ತಿರಬೇಕೆಂಬುದು ನಾನು ಪಶುವೈದ್ಯ ಶಾಸ್ತ್ರ ಓದುವಾಗ ತಿಳಿಯಿತು. ಅಂದು ತಿಂದ ಗಿಣ್ಣಿನ ನೆನಪು ಇಂದಿಗೂ ನನಗೆ ಸಿಹಿಯಾಗಿಲ್ಲ.

ಈಗ ವಿಷಯಕ್ಕೆ ಬರೋಣ.

ಸಕ್ಕರೆ ಎಂದರೆ ಚಹಾಕ್ಕೆ ಹಾಕುವ ಸಕ್ಕರೆ ಮಾತ್ರವಲ್ಲ. ಸಕ್ಕರೆಯಲ್ಲಿ ಹಲವು ಬಗೆಗಳಿವೆ. ಹಾಲಿನಲ್ಲಿ ಲ್ಯಾಕ್ಟೋಸ್ ಇದೆ. ಹುಲ್ಲಿನ ನಾರು ಸಹ ಗ್ಲೂಕೋಸ್ ಎಂಬ ಸಕ್ಕರೆಯ ಕಣಗಳನ್ನು ಸರದಂತೆ ಪೋಣಿಸಿ ಆದದ್ದೇ. ದನದ ಕರುಳು, ಮನುಷ್ಯನ ರಕ್ತದ ಕೆಂಪು ಕಣ, ಕಣ್ಣಿನ ಪೊರೆ, ಹೀಗೆ ಜೀವಕೋಶಗಳ ಹೊರಮೈ ಮೇಲೆಲ್ಲ ಸಕ್ಕರೆಯ ಸಣ್ಣ ಸಣ್ಣ ಸರಗಳು ನೇತಾಡುತ್ತಿರುತ್ತವೆ. ಇವು ನಾಲಿಗೆಗೆ ಸಿಹಿಯಾಗಿರುವುದಿಲ್ಲ. ಇವು ಕೋಶದ ಗುರುತುಗಳು.

ಈ ಸಕ್ಕರೆಯ ಸರಗಳನ್ನು ಗುರುತಿಸಿ ಹಿಡಿದುಕೊಳ್ಳುವ ಪ್ರೋಟೀನುಗಳಿವೆ. ಅವನ್ನು ದೋಟಿಯ ತುದಿಯ ಕೊಕ್ಕೆಯಂತೆ ಭಾವಿಸಿಕೊಳ್ಳಿ. ಒಂದೊಂದು ಕೊಕ್ಕೆಗೆ ಒಂದೊಂದು ಬಗೆಯ ಸಕ್ಕರೆಯೇ ಆಗಬೇಕು. ಬೇರೆಯದನ್ನು ಅದು ಹಿಡಿಯದು. ಇಂಥ ಪ್ರೋಟೀನುಗಳಿಗೆ ಲೆಕ್ಟಿನ್ ಎಂದು ಹೆಸರು. ಲ್ಯಾಟಿನ್ ಭಾಷೆಯಲ್ಲಿ 'ಆರಿಸಿಕೊಳ್ಳು' ಎಂಬ ಅರ್ಥದ ಮಾತಿನಿಂದ ಅಮೆರಿಕದ ವಿಲಿಯಂ ಬಾಯ್ಡ್ ಎಂಬ ವಿಜ್ಞಾನಿ 1954ರಲ್ಲಿ ಈ ಹೆಸರಿಟ್ಟರು.

ಲೆಕ್ಟಿನ್ ಮೊದಲು ಸಿಕ್ಕಿದ್ದು ನಮಗೆಲ್ಲ ಗೊತ್ತಿರುವ ಗಿಡದಲ್ಲಿ. 1888ರಲ್ಲಿ ಈಗಿನ ಎಸ್ಟೋನಿಯಾ ದೇಶದ ವಿಶ್ವವಿದ್ಯಾಲಯವೊಂದರಲ್ಲಿ ಸ್ಟಿಲ್‌ಮಾರ್ಕ್ ಎಂಬ ವಿದ್ಯಾರ್ಥಿ ಹರಳು ಬೀಜದ ಸಾರವನ್ನು ರಕ್ತಕ್ಕೆ ಹಾಕಿದಾಗ ಕೆಂಪು ಕಣಗಳು ಒಂದಕ್ಕೊಂದು ಅಂಟಿ ಗುಂಪುಗಟ್ಟಿದವು. ಆ ವಿಷದ ಹೆಸರು ರೈಸಿನ್. ಹರಳು ಹಿಂಡಿಯನ್ನು ಗೊಬ್ಬರಕ್ಕೆ ಬಳಸಬೇಕೇ ಹೊರತು ದನಕ್ಕೆ ಹಾಕಬಾರದು ಎಂದು ನಾವು ಹೇಳುವುದು ಇದೇ ಕಾರಣಕ್ಕೆ. ಗೊಬ್ಬರಕ್ಕೆ ತಂದ ಹಿಂಡಿಯ ಚೀಲವನ್ನೂ ದನದ ಬಾಯಿಗೆ ಎಟುಕದಂತೆ ಇಡಿ. ನಮ್ಮ ಹುರುಳಿಯಲ್ಲಿಯೂ ಲೆಕ್ಟಿನ್ ಇದೆ. ಹುರುಳಿಯ ಸಾರವು 'ಎ' ಗುಂಪಿನ ರಕ್ತದ ಒಂದು ಬಗೆಯನ್ನು ಆರಿಸಿ ಗುಂಪುಗಟ್ಟಿಸುತ್ತದೆ ಎಂದು ಬರ್ಡ್ ಎಂಬ ವಿಜ್ಞಾನಿ 1951ರಲ್ಲಿ ಬೆಂಗಳೂರಿನಿಂದ ಹೊರಡುವ 'ಕರೆಂಟ್ ಸೈನ್ಸ್' ಪತ್ರಿಕೆಯಲ್ಲಿ ಪ್ರಕಟಿಸಿದರು. ಇಂದಿಗೂ ರಕ್ತನಿಧಿಗಳಲ್ಲಿ ಆ ಬಗೆಯನ್ನು ಗುರುತಿಸಲು ಹುರುಳಿಯ ಲೆಕ್ಟಿನ್ ಬಳಕೆಯಲ್ಲಿದೆ. ಹುರುಳಿಯನ್ನು ಹಸಿಯಾಗಿ ಹಾಕದೆ ಬೇಯಿಸಿ ದನಕ್ಕೆ ಇಡುವುದು ನಮ್ಮ ಹಿರಿಯರ ರೂಢಿ. ಚೆನ್ನಾಗಿ ಬೆಂದರೆ ಲೆಕ್ಟಿನ್ ಕೆಟ್ಟು ನಿರುಪದ್ರವಿಯಾಗುತ್ತದೆ. ಹಿರಿಯರ ಎಲ್ಲ ರೂಢಿಯೂ ತಪ್ಪಲ್ಲ ಎಂಬುದಕ್ಕೆ ಇದೊಂದು ಸಾಕ್ಷಿ.

ಗಿಡಗಳಲ್ಲಿ ಇರುವಂತೆಯೇ ಬ್ಯಾಕ್ಟೀರಿಯಾ, ಶಿಲೀಂಧ್ರ ಮೊದಲಾದ ಸೂಕ್ಷ್ಮಾಣುಗಳಲ್ಲಿಯೂ ಈ ಕೊಕ್ಕೆಗಳಿವೆ. ಬಹುಪಾಲು ಸೂಕ್ಷ್ಮಾಣುಗಳು ಕಣ್ಣಿಗೆ ಕಾಣದಷ್ಟು ಚಿಕ್ಕವು. ಹಾಗಾದರೆ ಕೊಕ್ಕೆ ಇರುವುದನ್ನು ಹುಡುಕುವುದು ಹೇಗೆ?

ಇದರ ಪರೀಕ್ಷೆ ತುಂಬಾ ಸರಳವಾದದ್ದು. ಅನುಮಾನವಿರುವ ಸೂಕ್ಷ್ಮಾಣುವನ್ನು ಮಣ್ಣಿನಿಂದಲೋ, ಕೊಳೆತ ಗಿಡದಿಂದಲೋ, ಕರುವಿನ ಸಗಣಿಯಿಂದಲೋ ಬೇರ್ಪಡಿಸಿ ಬೆಳೆಸುತ್ತಾರೆ. ಶಿಲೀಂಧ್ರವಾದರೆ ಅರೆದು, ಸೋಸಿ, ತಿಳಿಯನ್ನು ತೆಗೆಯುತ್ತಾರೆ. ಸಾಲಾಗಿ ಸಣ್ಣ ಸಣ್ಣ ಗುಳಿಗಳಿರುವ ಒಂದು ಪ್ಲಾಸ್ಟಿಕ್ ತಟ್ಟೆಯಲ್ಲಿ ಈ ತಿಳಿಯನ್ನು ಎರಡು ಪಾಲು, ನಾಲ್ಕು ಪಾಲು, ಎಂಟು ಪಾಲು, ಹೀಗೆ ತೆಳುಮಾಡುತ್ತಾ ಹಾಕುತ್ತಾರೆ. ಪ್ರತಿ ಗುಳಿಗೂ ತೊಳೆದ ಕೆಂಪು ರಕ್ತಕಣಗಳನ್ನು ಒಂದೊಂದು ಹನಿ ಸೇರಿಸಿ ಸುಮಾರು ಒಂದು ಗಂಟೆ ಬಿಡುತ್ತಾರೆ. ಕೊಕ್ಕೆ ಇಲ್ಲದಿದ್ದರೆ ರಕ್ತಕಣಗಳು ಜಾರಿ ತಳದಲ್ಲಿ ಅಂಗಿಯ ಗುಂಡಿಯಂತೆ ಕೂರುತ್ತವೆ. ಕೊಕ್ಕೆ ಇದ್ದರೆ ಒಂದನ್ನೊಂದು ಹಿಡಿದುಕೊಂಡು ಗುಳಿಯ ತುಂಬ ಚಾಪೆಯಂತೆ ಹರಡಿ ನಿಲ್ಲುತ್ತವೆ. ಎಷ್ಟು ತೆಳುಮಾಡಿದರೂ ಚಾಪೆ ಕಾಣಿಸಿದರೆ ಅಷ್ಟು ಬಲವಾದ ಲೆಕ್ಟಿನ್ ಇದೆ ಎಂದು ಲೆಕ್ಕ.

ಇಷ್ಟಕ್ಕೇ ನಂಬುವಂತಿಲ್ಲ. ರಕ್ತಕಣಗಳು ಬೇರೆ ಕಾರಣದಿಂದಲೂ ಅಂಟಬಹುದು. ಆದ್ದರಿಂದ ಎರಡನೆಯ ಪರೀಕ್ಷೆ ಮಾಡುತ್ತಾರೆ. ಮೊದಲೇ ಗುಳಿಗೆ ಒಂದೊಂದು ಬಗೆಯ ಸಕ್ಕರೆ ಹಾಕಿಡುತ್ತಾರೆ. ಯಾವ ಸಕ್ಕರೆ ಹಾಕಿದಾಗ ಚಾಪೆ ಮಾಯವಾಗಿ ಗುಂಡಿ ಕೂರುತ್ತದೆಯೋ, ಆ ಸಕ್ಕರೆಯೇ ಆ ಕೊಕ್ಕೆಯ ಸಕ್ಕರೆ. ಏಕೆಂದರೆ ಕೊಕ್ಕೆಗಳೆಲ್ಲ ಬಿಡಿ ಸಕ್ಕರೆಯಿಂದ ತುಂಬಿಹೋಗಿ ರಕ್ತಕಣವನ್ನು ಹಿಡಿಯಲು ಜಾಗವೇ ಉಳಿಯುವುದಿಲ್ಲ.

ಕರುಳಿನಲ್ಲಿ ವಾಸಿಸುವ ಇ. ಕೋಲಿ ಎಂಬ ಬ್ಯಾಕ್ಟೀರಿಯಾ ಹೀಗೆ ರಕ್ತಕಣಗಳನ್ನು ಗುಂಪುಗಟ್ಟಿಸುವುದು 1908ರಲ್ಲಿಯೇ ಕಂಡುಬಂದಿತ್ತು. ಮ್ಯಾನೋಸ್ ಎಂಬ ಸಕ್ಕರೆ ಹಾಕಿದರೆ ಇ. ಕೋಲಿಯ ಹಿಡಿತ ಸಡಿಲವಾಗುತ್ತದೆ, ಅದು ಜೀವಕೋಶಗಳಿಗೆ ಅಂಟುವುದೂ ಇದೇ ಕೊಕ್ಕೆಯಿಂದ ಎಂದು ಇಸ್ರೇಲಿನ ಒಫೆಕ್, ಶರೋನ್ ಮತ್ತು ಅವರ ಜೊತೆಗಾರರು 1977ರಲ್ಲಿ ತೋರಿಸಿದರು. ಸೂಕ್ಷ್ಮಾಣು ದೇಹದೊಳಗೆ ಬಂದ ಮಾತ್ರಕ್ಕೆ ರೋಗವಾಗುವುದಿಲ್ಲ. ಅದು ಹಿಡಿದು ನಿಲ್ಲಬೇಕು. ಹಿಡಿತ ಸಿಗದಿದ್ದರೆ ಸಗಣಿಯೊಂದಿಗೆ ಕೊಚ್ಚಿಕೊಂಡು ಹೊರಗೆ ಹೋಗುತ್ತದೆ. ಬಂಧುಗಳೇ, ಈ ಒಂದು ಮಾತನ್ನು ತಾವು ಮನೆಗೆ ತೆಗೆದುಕೊಂಡು ಹೋದರೆ ನನ್ನ ಭಾಷಣ ಸಾರ್ಥಕ.

ಈಗ ಕರುವಿನ ಭೇದಿಗೆ ಬರೋಣ. ಹುಟ್ಟಿದ ಮೊದಲ ನಾಲ್ಕು ದಿನಗಳೊಳಗೆ ಬರುವ ನೀರು ಭೇದಿಗೆ ಮುಖ್ಯ ಕಾರಣಗಳಲ್ಲಿ ಒಂದು, ಕೆ 99 ಎಂಬ ಕೊಕ್ಕೆಯಿರುವ ಇ. ಕೋಲಿ. ಇದರ ಮೈ ತುಂಬ ಕೂದಲಿನಂಥ ಎಳೆಗಳಿರುತ್ತವೆ. ಎಳೆಗರುವಿನ ಸಣ್ಣ ಕರುಳಿನ ಮೇಲಿರುವ ಸಯಾಲಿಕ್ ಆಮ್ಲವೆಂಬ ವಿಶೇಷ ಸಕ್ಕರೆಯನ್ನು ಆ ಎಳೆಗಳು ಹಿಡಿಯುತ್ತವೆ. ಹಿಡಿದು ನಿಂತು, ಸಂತತಿ ಬೆಳೆಸಿ, ವಿಷ ಬಿಡುತ್ತವೆ. ಆ ವಿಷದಿಂದ ಕರುವಿನ ಮೈಯ ನೀರು, ಉಪ್ಪಿನ ಅಂಶ ಕರುಳಿಗೆ ಸುರಿದು ಹೊರಗೆ ಹೋಗುತ್ತದೆ. ಕರು ಸಾಯುವುದು ಬಹುಮಟ್ಟಿಗೆ ಮೈಯ ನೀರು ಬತ್ತಿ. ಕರು ಬೆಳೆದಂತೆ ಈ ಸಕ್ಕರೆಯ ಗುರುತು ಕರುಳಿನಲ್ಲಿ ಕಡಿಮೆಯಾಗುತ್ತದೆ. ಆದ್ದರಿಂದಲೇ ಈ ರೋಗದ ಅಪಾಯ ಮೊದಲ ಕೆಲವೇ ದಿನಗಳದ್ದು. ಆ ದಿನಗಳನ್ನು ದಾಟಿಸಿದರೆ ಈ ಒಂದು ಶತ್ರುವಿನಿಂದ ಕರು ಪಾರಾದಂತೆ.

ಈ ಕೆ 99 ಸಿಕ್ಕಿದ್ದೂ ಹುಡುಕಾಟದಿಂದಲೇ. ಇದರ ಕೊಕ್ಕೆ ಕುರಿ ಮತ್ತು ಕುದುರೆಯ ರಕ್ತಕಣಗಳನ್ನು ಗುಂಪುಗಟ್ಟಿಸುತ್ತದೆ, ಮ್ಯಾನೋಸ್ ಹಾಕಿದರೂ ಬಿಡುವುದಿಲ್ಲ. ಇನ್ನೊಂದು ವಿಶೇಷವೆಂದರೆ, ಇದೇ ಬ್ಯಾಕ್ಟೀರಿಯಾವನ್ನು 18 ಡಿಗ್ರಿಯ ತಂಪಿನಲ್ಲಿ ಬೆಳೆಸಿದರೆ ಕೊಕ್ಕೆ ಮೂಡುವುದಿಲ್ಲ. 37 ಡಿಗ್ರಿಯಲ್ಲಿ, ಎಂದರೆ ದೇಹದ ಬಿಸಿಗೆ ಹತ್ತಿರದಲ್ಲಿ, ಮೂಡುತ್ತದೆ. ಕೊಟ್ಟಿಗೆಯ ತಂಪು ನೆಲದಲ್ಲಿ ಬರಿಗೈಯಲ್ಲಿ ಬಿದ್ದಿರುವ ಕಳ್ಳ, ಕರುವಿನ ಹೊಟ್ಟೆಗೆ ಹೋದ ಮೇಲೆ ಆಯುಧ ತೆಗೆದಂತೆ.

ಹಿಡಿತ ತಪ್ಪಿಸುವ ಉಪಾಯವೇನು? ಆ ಉಪಾಯ ತಾಯಿಯ ಕೆಚ್ಚಲಿನಲ್ಲೇ ಇದೆ. ಗಿಣ್ಣು ಹಾಲಿನಲ್ಲಿ ತಾಯಿಯ ರೋಗನಿರೋಧಕ ವಸ್ತುಗಳು ತುಂಬಿರುತ್ತವೆ. ಮನುಷ್ಯರಲ್ಲಿ ಇವು ಗರ್ಭದಲ್ಲಿಯೇ ಮಗುವಿಗೆ ಸಿಗುತ್ತವೆ. ಹಸು, ಎಮ್ಮೆಗಳಲ್ಲಿ ಹಾಗಲ್ಲ. ಕರು ಹುಟ್ಟುವಾಗ ಬರಿಗೈಯಲ್ಲಿ ಹುಟ್ಟುತ್ತದೆ. ಗಿಣ್ಣಿನಿಂದ ಬಂದ ನಿರೋಧಕ ವಸ್ತುಗಳು ಸೂಕ್ಷ್ಮಾಣುವಿನ ಕೊಕ್ಕೆಗಳನ್ನೇ ಮುಚ್ಚಿಬಿಡುತ್ತವೆ. ಇದಲ್ಲದೆ ಗಿಣ್ಣು ಹಾಲಿನಲ್ಲಿ ಸಯಾಲಿಕ್ ಆಮ್ಲ ಸೇರಿದ ಬಿಡಿ ಸಕ್ಕರೆಯ ಸರಗಳು ಹೇರಳವಾಗಿವೆ. ಕರುಳಿನ ಮೇಲಿನ ಸಕ್ಕರೆಯನ್ನು ಹೋಲುವ ಇಂಥ ಸರಗಳು ಕೊಕ್ಕೆಗಳನ್ನು ಮೋಸಗೊಳಿಸಬಲ್ಲವು ಎಂದು ಪ್ರಯೋಗಶಾಲೆಗಳಲ್ಲಿ ಕಂಡಿದ್ದಾರೆ. ಕೆಲವು ದೇಶಗಳಲ್ಲಿ ಗಬ್ಬದ ಕೊನೆಯ ತಿಂಗಳುಗಳಲ್ಲಿ ಹಸುವಿಗೆ ಕೆ 99 ಲಸಿಕೆ ಹಾಕುತ್ತಾರೆ. ಆ ಲಸಿಕೆಯೂ ಕರುವನ್ನು ತಲುಪುವುದು ಗಿಣ್ಣಿನ ಮೂಲಕವೇ. ಗಿಣ್ಣು ಕುಡಿಯದ ಕರುವಿಗೆ ಲಸಿಕೆಯೂ ಇಲ್ಲದಂತೆ.

ಇಲ್ಲಿ ಗಡಿಯಾರ ಬಹಳ ಮುಖ್ಯ. ಹುಟ್ಟಿದ ಕರುವಿನ ಕರುಳು ಈ ನಿರೋಧಕ ವಸ್ತುಗಳನ್ನು ಇಡಿಯಾಗಿ ರಕ್ತಕ್ಕೆ ಬಿಟ್ಟುಕೊಳ್ಳುತ್ತದೆ. ಗಂಟೆ ಕಳೆದಂತೆ ಆ ಬಾಗಿಲು ಮುಚ್ಚುತ್ತಾ ಹೋಗಿ, 24 ಗಂಟೆಯ ಹೊತ್ತಿಗೆ ಪೂರ್ತಿ ಮುಚ್ಚಿಕೊಳ್ಳುತ್ತದೆ. ಆದ್ದರಿಂದ ದಯವಿಟ್ಟು ಹೀಗೆ ಮಾಡಿ:

1. ಕರು ಹುಟ್ಟಿದ ಒಂದು ಗಂಟೆಯೊಳಗೆ, ತಡವಾದರೂ ಎರಡು ಗಂಟೆಯೊಳಗೆ, ಮೊದಲ ಗಿಣ್ಣು ಕುಡಿಸಿ. ಕೆಚ್ಚಲನ್ನು ಮೊದಲು ಶುದ್ಧ ನೀರಿನಿಂದ ತೊಳೆದು ಒರೆಸಿ.

2. ಮೊದಲ 24 ಗಂಟೆಯಲ್ಲಿ ಕರುವಿನ ತೂಕದ ಹತ್ತನೆಯ ಒಂದು ಭಾಗದಷ್ಟು ಗಿಣ್ಣು ಹೊಟ್ಟೆ ಸೇರಬೇಕು. 30 ಕಿಲೋ ತೂಕದ ಕರುವಿಗೆ 3 ಲೀಟರ್. ಇದರಲ್ಲಿ ಅರ್ಧದಷ್ಟು ಮೊದಲ ಸಲವೇ ಹೋದರೆ ಉತ್ತಮ. ಕರು ತಾನಾಗಿ ಚೀಪದಿದ್ದರೆ ಕರೆದು, ಅದೇ ಬಿಸಿಯಲ್ಲಿ ನಿಪ್ಪಲ್ ಬಾಟಲಿಯಿಂದ ನಿಧಾನವಾಗಿ ಕುಡಿಸಿ. ಗಿಣ್ಣನ್ನು ಕುದಿಸಬೇಡಿ.

3. ಕಸ ಬೀಳಲಿ ಎಂದು ಕಾಯಬೇಡಿ. ಕರು ಚೀಪಿದಾಗ ತಾಯಿಯ ಮೈಯಲ್ಲಿ ಉಂಟಾಗುವ ರಸ ಗರ್ಭಕೋಶವನ್ನು ಹಿಂಡಿ ಕಸ ಬೀಳುವುದಕ್ಕೇ ನೆರವಾಗುತ್ತದೆ. ಕಾಯುವುದರಿಂದ ತಾಯಿಗೂ ಲಾಭವಿಲ್ಲ, ಕರುವಿಗೂ ಲಾಭವಿಲ್ಲ.

4. ಕರು ಹಾಕುವ ಜಾಗ ಒಣಗಿರಲಿ, ಹೊಸ ಹುಲ್ಲು ಹಾಸಿ. ಹೊಕ್ಕುಳಿಗೆ ಟಿಂಚರ್ ಅಯೋಡಿನ್ ಹಚ್ಚಿ.

5. ಭೇದಿ ಕಂಡರೆ ಹಾಲು ಪೂರ್ತಿ ನಿಲ್ಲಿಸಿ ಉಪವಾಸ ಕೆಡವಬೇಡಿ. ಕುದಿಸಿ ಆರಿಸಿದ ಬೆಚ್ಚನೆಯ ನೀರಿನಲ್ಲಿ ಓ.ಆರ್.ಎಸ್. ಪುಡಿ ಕಲಸಿ ಸ್ವಲ್ಪ ಸ್ವಲ್ಪವಾಗಿ ಹಲವು ಸಲ ಕುಡಿಸುತ್ತಾ ವೈದ್ಯರನ್ನು ಕರೆಸಿ. ವಾರ ಕಳೆದ ಕರುವಿನ ಭೇದಿಗೆ ವೈರಸ್ ಮೊದಲಾದ ಬೇರೆ ಕಾರಣಗಳೂ ಇರುತ್ತವೆ. ಅಂಗಡಿಯಿಂದ ತಾವೇ ಆಂಟಿಬಯೋಟಿಕ್ ತಂದು ಹಾಕಬೇಡಿ.

ಸದಸ್ಯರೊಬ್ಬರು ಹಿಂದೊಮ್ಮೆ ನನ್ನನ್ನು ಕೇಳಿದ್ದರು: "ಸಾರ್, ಸಕ್ಕರೆ ಹಾಕಿದರೆ ಕೊಕ್ಕೆ ಬಿಡುವುದಾದರೆ, ಕರುವಿಗೆ ಒಂದು ಹಿಡಿ ಸಕ್ಕರೆ ತಿನ್ನಿಸಿದರೆ ಸಾಲದೇ?" ಪ್ರಶ್ನೆ ಬುದ್ಧಿವಂತಿಕೆಯದೇ. ಆದರೆ ನಮ್ಮ ಡಬ್ಬಿಯ ಸಕ್ಕರೆ ಆ ಕೊಕ್ಕೆಯ ಸಕ್ಕರೆಯಲ್ಲ. ಎಳೆಗರು ಅದನ್ನು ಜೀರ್ಣಿಸಲಾರದು, ಭೇದಿ ಹೆಚ್ಚುತ್ತದೆ. ಸರಿಯಾದ ಸಕ್ಕರೆ, ಸರಿಯಾದ ಅಳತೆಯಲ್ಲಿ ಗಿಣ್ಣಿನಲ್ಲಿದೆ.

ಕೊಕ್ಕೆಯೆಲ್ಲ ಕೆಟ್ಟದ್ದೇ ಎಂದು ತಿಳಿಯಬೇಡಿ. ಅದೇ ಹಸುವಿನ ಮೊದಲ ಹೊಟ್ಟೆಗೆ ಬನ್ನಿ. ಹೊನ್ನಾಳಿ, ನ್ಯಾಮತಿ ಕಡೆಯ ಭತ್ತದ ಹುಲ್ಲನ್ನು, ಜಗಳೂರಿನ ಮೆಕ್ಕೆಜೋಳದ ಸೊಪ್ಪೆಯನ್ನು ಹಸು ತಾನಾಗಿ ಜೀರ್ಣಿಸಲಾರದು. ಅಲ್ಲಿರುವ ಫೈಬ್ರೊಬ್ಯಾಕ್ಟರ್, ರುಮಿನೊಕಾಕಸ್ ಎಂಬ ಬ್ಯಾಕ್ಟೀರಿಯಾಗಳು ನಾರಿಗೆ ಕಚ್ಚಿಕೊಂಡು ಅದನ್ನು ಒಡೆಯುತ್ತವೆ. ನಾರೆಂದರೆ ಸಕ್ಕರೆಯ ಸರ ಎಂದೆನಲ್ಲವೇ? ಆ ಸರವನ್ನು ಹಿಡಿಯುವ ಪ್ರೋಟೀನುಗಳು ಇವುಗಳಲ್ಲಿವೆ. ಹಿಡಿತ ಸಿಕ್ಕರೆ ನಾರು ಕರಗಿ ಹಾಲಿನ ಕೊಬ್ಬಾಗುತ್ತದೆ. ಮೇವನ್ನು ಕತ್ತರಿಸಿ ಹಾಕಿದರೆ ಅವುಗಳಿಗೆ ಹಿಡಿಯಲು ಹೆಚ್ಚು ಜಾಗ ಸಿಗುತ್ತದೆ, ಮೇವೂ ಪೋಲಾಗುವುದಿಲ್ಲ. ಹಾಲು ಹೆಚ್ಚಲಿ ಎಂದು ಒಮ್ಮೆಲೇ ಮೆಕ್ಕೆಜೋಳದ ಹಿಟ್ಟು, ಅನ್ನ ಸುರಿದರೆ ಹೊಟ್ಟೆ ಹುಳಿಯಾಗಿ ಈ ಉಪಕಾರಿ ಜೀವಿಗಳ ಕೆಲಸ ನಿಲ್ಲುತ್ತದೆ. ಡಿಗ್ರಿ ಬರಲಿಲ್ಲ, ಫ್ಯಾಟ್ ಬರಲಿಲ್ಲ ಎಂದು ಸಂಘದ ಕಾರ್ಯದರ್ಶಿಯವರ ಮೇಲೆ ಕೋಪಿಸಿಕೊಳ್ಳುವ ಮೊದಲು ಗೋದಲಿಯನ್ನು ಒಮ್ಮೆ ನೋಡಿ.

ಕೊನೆಯದಾಗಿ ಹೊಲದ ಮಾತು. ನಮ್ಮ ನಾಡಿನಲ್ಲಿಯೇ ಇಂಥ ಸೂಕ್ಷ್ಮಾಣುಗಳನ್ನು ಹುಡುಕುವ ಕೆಲಸ ನಡೆದಿದೆ. ಶೇಂಗಾ ಬುಡದಲ್ಲಿ ಬಿಳಿ ಬೂಸ್ಟು ಕಟ್ಟಿ, ಸಾಸಿವೆ ಕಾಳಿನಂಥ ಕಂದು ಗುಂಡುಗಳಾಗಿ, ಗಿಡ ಕೊಳೆತು ಒಣಗುವುದನ್ನು ಜಗಳೂರಿನ ಕಡೆಯ ರೈತ ಬಂಧುಗಳು ನೋಡಿಯೇ ಇರುತ್ತೀರಿ. ಆ ಶಿಲೀಂಧ್ರದ ಹೆಸರು ಸ್ಕ್ಲೆರೋಷಿಯಂ ರಾಲ್ಫ್ಸಿ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಜೀವರಸಾಯನಶಾಸ್ತ್ರ ವಿಭಾಗದಲ್ಲಿ ಬಾಳೆ ಎಂ. ಸ್ವಾಮಿ, ಶಶಿಕಲಾ ಇನಾಮದಾರ್ ಮತ್ತು ಅವರ ವಿದ್ಯಾರ್ಥಿಗಳು ಆ ಸಾಸಿವೆ ಗುಂಡುಗಳಿಂದ ಲೆಕ್ಟಿನ್ ತೆಗೆದರು. ಅದು ಯಾವ ಸಕ್ಕರೆಯನ್ನು ಹಿಡಿಯುತ್ತದೆ ಎಂಬ ವಿವರ 2001ರಲ್ಲಿ ಪ್ರಕಟವಾಯಿತು. ಗುಂಡು ಬಲಿಯುವಾಗ ಶಿಲೀಂಧ್ರ ಈ ಲೆಕ್ಟಿನನ್ನು ಕೂಡಿಟ್ಟುಕೊಳ್ಳುತ್ತದೆ, ಮೊಳೆಯುವಾಗ ಬಳಸಿಕೊಳ್ಳುತ್ತದೆ ಎಂದು 2004ರಲ್ಲಿ ತಿಳಿಸಿದರು. 2007ರಲ್ಲಿ ಗ್ರೀಸ್ ದೇಶದ ವಿಜ್ಞಾನಿಗಳೊಂದಿಗೆ ಸೇರಿ ಅದರ ಆಕಾರವನ್ನೇ ಬಿಡಿಸಿ ತೋರಿಸಿದರು.

ಇದರಿಂದ ಏನು ಉಪಯೋಗ ಎಂದು ಕೇಳಬಹುದು. ಮನುಷ್ಯನ ಕ್ಯಾನ್ಸರ್ ಕೋಶಗಳ ಮೈಮೇಲೆ ಆರೋಗ್ಯವಂತ ಕೋಶಗಳಲ್ಲಿ ಮರೆಯಾಗಿರುವ ಒಂದು ಸಕ್ಕರೆಯ ಗುರುತು ಎದ್ದು ಕಾಣುತ್ತದೆ. ಶೇಂಗಾ ಕೊಳೆಸುವ ಶಿಲೀಂಧ್ರದ ಈ ಲೆಕ್ಟಿನ್ ಆ ಗುರುತನ್ನು ಹಿಡಿಯುತ್ತದೆ. ಆದ್ದರಿಂದ ಕ್ಯಾನ್ಸರ್ ಕೋಶಗಳನ್ನು ಗುರುತಿಸುವ ಸಂಶೋಧನೆಯಲ್ಲಿ ಇದನ್ನು ಬಳಸಿ ನೋಡಿದ್ದಾರೆ. ಇದು ಔಷಧಿಯಾಗಿ ಅಂಗಡಿಗೆ ಬಂದಿಲ್ಲ, ಸಂಶೋಧನೆಯ ಹಂತದಲ್ಲಿದೆ. ಬೇರು ಕೊಳೆಸುವ ರೈಜೋಕ್ಟೋನಿಯಾ ಬಟಾಟಿಕೋಲಾ ಎಂಬ ಶಿಲೀಂಧ್ರದಿಂದಲೂ ಇದೇ ತಂಡ ಲೆಕ್ಟಿನ್ ತೆಗೆದು 2010ರಲ್ಲಿ ಪ್ರಕಟಿಸಿತು. ಕಣ್ಣಿನ ಹುಣ್ಣಿನ ರೋಗಿಗಳಿಂದ ಬೇರ್ಪಡಿಸಿದ ಶಿಲೀಂಧ್ರದಲ್ಲಿಯೂ ಲೆಕ್ಟಿನ್ ಕಂಡುಬಂದಿದೆ. ಭತ್ತದ ಗರಿ, ಹುಲ್ಲಿನ ಚೂರು, ಹೊಟ್ಟು ಕಣ್ಣಿಗೆ ತಾಗಿ ಕೆಂಪಾಗಿ ನೋವಿದ್ದರೆ ಗಿಡದ ರಸ, ಮನೆಮದ್ದು ಹಾಕದೆ ಕಣ್ಣಿನ ವೈದ್ಯರಲ್ಲಿಗೆ ಹೋಗಬೇಕು ಎಂಬುದನ್ನು ಇದರ ಜೊತೆಗೇ ನೆನಪಿಡಿ.

ಬಂಧುಗಳೇ, ನಮ್ಮ ಹೊಟ್ಟೆಗೆ ಹೊಡೆದ ಶಿಲೀಂಧ್ರದಲ್ಲಿಯೂ ನಾಳಿನ ಉಪಕಾರವೊಂದು ಅಡಗಿರಬಹುದು. ಅದನ್ನು ಹುಡುಕುವುದು ವಿಜ್ಞಾನಿಗಳ ಕೆಲಸ. ಅವರು ತಟ್ಟೆಯ ಗುಳಿಯಲ್ಲಿ ಚಾಪೆಯನ್ನೋ ಗುಂಡಿಯನ್ನೋ ನೋಡಿ ತಿಳಿದುಕೊಂಡದ್ದನ್ನು ಕೊಟ್ಟಿಗೆಯಲ್ಲಿ ಆಚರಣೆಗೆ ತರುವುದು ನಮ್ಮ ಕೆಲಸ. ಇಂದು ಉಳಿದ ಹೆಣ್ಣು ಕರು ಎರಡೂವರೆ, ಮೂರು ವರ್ಷದಲ್ಲಿ ತಮ್ಮ ಮನೆಯ ಕ್ಯಾನು ತುಂಬುತ್ತದೆ. ಅದಕ್ಕೆ ಬೇಕಾದದ್ದು ದುಬಾರಿ ಔಷಧಿಯಲ್ಲ. ಮೊದಲ ಒಂದು ಗಂಟೆಯಲ್ಲಿ ಅದರ ತಾಯಿಯದೇ ಹಾಲು.

ಗಿಣ್ಣು ಮಾಡಬೇಡಿ ಎಂದು ನಾನು ಹೇಳುವುದಿಲ್ಲ. ಮಕ್ಕಳು ಆಸೆಪಡುತ್ತಾರೆ. ಕರುವಿನ ಪಾಲು ಮುಗಿದ ಮೇಲೆ ಉಳಿದದ್ದನ್ನು ಮಾಡಿ, ನೆರೆಹೊರೆಗೂ ಕೊಡಿ. ಗಿಣ್ಣು ಹಾಲನ್ನು ಸಂಘಕ್ಕೆ ಮಾತ್ರ ಹಾಕಬೇಡಿ; ಕಾಯಿಸಿದಾಗ ಎಲ್ಲರ ಹಾಲನ್ನೂ ಅದು ಒಡೆಸುತ್ತದೆ.